ಓಡಿಬಂದ ಮಕ್ಕಳಿಗೆ ಮನೆ ಎಲ್ಲಿರಬೇಕು?

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಊರು ಬಿಟ್ಟು ಹೋಗುವ ಹುಡುಗರ ಸಂಗತಿ ಅಧ್ಯಾಪಕರಾದವರಿಗೆಲ್ಲ ಪರಿಚಿತವಾದುದೇ. ಮನೆಯವರು ಹುಡುಕುವುದು ನೆಂಟರಿಷ್ಟರ ಮನೆಗಳಲ್ಲಿ. ಹುಡುಗ ಇಳಿದಿರುವುದು ಯಾವುದೋ ಮಹಾನಗರದ ನಿಲ್ದಾಣದಲ್ಲಿ. ಅಂಥವರಿಗೆ ಆಶ್ರಯ ಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ಎಲ್ಲಿರಬೇಕು? ನ್ಯೂಯಾರ್ಕ್ ನಗರದ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದು ಉತ್ತರವೂ, ಅದರ ಬೆನ್ನಿಗೇ ಒಂದು ಎಚ್ಚರಿಕೆಯೂ ದೊರೆಯುತ್ತವೆ.

ಬ್ರೂಸ್ ರಿಟ್ಟರ್ ಎಂಬ ಫ್ರಾನ್ಸಿಸ್ಕನ್ ಪಾದ್ರಿ ಅಲ್ಲಿಯ ಮ್ಯಾನ್‌ಹಟನ್ ಕಾಲೇಜಿನಲ್ಲಿ ಧರ್ಮಶಾಸ್ತ್ರದ ಅಧ್ಯಾಪಕರಾಗಿದ್ದರು. ನುಡಿದಂತೆ ನಡೆಯುತ್ತಿಲ್ಲವೆಂದು ವಿದ್ಯಾರ್ಥಿಗಳು ಆಕ್ಷೇಪಿಸಿದ್ದರಿಂದ ಅವರು 1968ರಲ್ಲಿ ಬಡವರ ಬಡಾವಣೆಗೆ ವಾಸ ಬದಲಿಸಿದರೆಂದು ಹೇಳುತ್ತಾರೆ. ಮನೆ ಬಿಟ್ಟು ಬಂದ ಹದಿಹರೆಯದವರು ಅವರ ಕೋಣೆಯ ನೆಲದ ಮೇಲೆ ಮಲಗತೊಡಗಿದರು. 1972ರಲ್ಲಿ ಈ ಕಾರ್ಯ 'ಕವನೆಂಟ್ ಹೌಸ್' ಎಂಬ ಸಂಸ್ಥೆಯ ರೂಪ ತಾಳಿತು.

1977ರಲ್ಲಿ ಆ ಸಂಸ್ಥೆ ಹೊಸ ಆಶ್ರಯಧಾಮಕ್ಕೆ ಆರಿಸಿಕೊಂಡ ಸ್ಥಳ ಟೈಮ್ಸ್ ಸ್ಕ್ವೇರ್ ಬಳಿಯ ಎಂಟನೆಯ ಅವೆನ್ಯೂ. ಆ ಕಾಲದಲ್ಲಿ ಅದು ವೇಶ್ಯಾವಾಟಿಕೆಗೂ ಅಶ್ಲೀಲ ಚಿತ್ರಮಂದಿರಗಳಿಗೂ ಕುಖ್ಯಾತವಾದ ಬೀದಿ. ಇಂಥ ಕಡೆ ಮಕ್ಕಳ ಮನೆಯೇ ಎಂದು ಯಾರಾದರೂ ಕೇಳಬಹುದು. ಆದರೆ 1950ರಲ್ಲಿ ತೆರೆದ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣ ಇದ್ದುದು ಅಲ್ಲಿಯೇ. ದೂರದ ರಾಜ್ಯಗಳ ಮಕ್ಕಳು ಬಸ್ಸಿಳಿಯುತ್ತಿದ್ದುದು ಅಲ್ಲಿ. ಊಟ ಕೊಡಿಸುವ ನೆಪದಲ್ಲಿ ದಲ್ಲಾಳಿಗಳು ಕಾದಿರುತ್ತಿದ್ದುದೂ ಅಲ್ಲಿಯೇ. ಊರ ಹೊರಗಿನ ತೋಟದಲ್ಲಿ ಎಷ್ಟು ಸುಂದರವಾದ ಮನೆ ಕಟ್ಟಿದರೂ, ಮಗು ಅಲ್ಲಿಗೆ ತಲುಪುವ ಮೊದಲೇ ದಲ್ಲಾಳಿ ಮಗುವನ್ನು ತಲುಪಿರುತ್ತಿದ್ದ. ಆದ್ದರಿಂದ ಹಗಲಿರುಳೂ ತೆರೆದ ಬಾಗಿಲು ಅದೇ ಬೀದಿಯಲ್ಲಿ ಬೇಕಾಗಿತ್ತು.

ನಮ್ಮ ದೇಶದಲ್ಲಿ ಮಕ್ಕಳು ಬಂದಿಳಿಯುವುದು ಹೆಚ್ಚಾಗಿ ರೈಲಿನಿಂದ. ಮೀರಾ ನಾಯರ್ ಅವರ 'ಸಲಾಂ ಬಾಂಬೆ' ಚಿತ್ರದ ನಂತರ 1988ರಲ್ಲಿ ಹುಟ್ಟಿದ ಸಲಾಂ ಬಾಲಕ್ ಟ್ರಸ್ಟ್ ತನ್ನ ಕೆಲಸವನ್ನು ಆರಂಭಿಸಿದ್ದು ನವದೆಹಲಿ ರೈಲು ನಿಲ್ದಾಣದಲ್ಲಿ. ಅದಕ್ಕೂ ಮೊದಲು, 1980ರಲ್ಲಿ, ಬೆಂಗಳೂರಿನಲ್ಲಿ ಕೆಲಸ ಆರಂಭಿಸಿದ ಬಾಸ್ಕೋ ಸಂಸ್ಥೆಯವರು ಬೀದಿಗಳಿಗೂ ನಿಲ್ದಾಣಗಳಿಗೂ ತಾವೇ ಹೋಗಿ ಮಕ್ಕಳನ್ನು ಮಾತನಾಡಿಸುವ ಮಾರ್ಗ ಹಿಡಿದರು. ರೈಲು ಮತ್ತು ಬಸ್ ನಿಲ್ದಾಣಗಳು ಎದುರುಬದುರಾಗಿರುವ ನಮ್ಮ ಮೆಜೆಸ್ಟಿಕ್ಕನ್ನು ಬಲ್ಲವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಇನ್ನು ಎಚ್ಚರಿಕೆಯ ಮಾತು. ಹುಡುಗರೊಡನೆ ಲೈಂಗಿಕ ದುರ್ನಡತೆ ಮತ್ತು ಹಣದ ಅವ್ಯವಹಾರದ ಆರೋಪಗಳಿಗೆ ಗುರಿಯಾಗಿ ರಿಟ್ಟರ್ 1990ರಲ್ಲಿ ಹುದ್ದೆ ತ್ಯಜಿಸಿದರು. ಅವರು ಆರೋಪಗಳನ್ನು ನಿರಾಕರಿಸಿದರು, ಮೊಕದ್ದಮೆ ಹೂಡಲಾಗಲಿಲ್ಲ. ಆದರೂ ಸಂಸ್ಥೆಯೇ ಮಾಡಿಸಿದ ತನಿಖೆ ಅವರ ಪರವಾಗಿ ಬರಲಿಲ್ಲ. ನಮ್ಮಲ್ಲಿಯೂ 2018ರಲ್ಲಿ ಬಿಹಾರದ ಮುಜಫ್ಫರಪುರದ ಬಾಲಿಕಾಗೃಹದ ಘೋರ ಅತ್ಯಾಚಾರಗಳು ಬೆಳಕಿಗೆ ಬಂದುದು ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ನಡೆಸಿದ ಪರಿಶೀಲನೆಯಿಂದ. ಬೀದಿಯ ಅಪಾಯದಿಂದ ಮಗುವನ್ನು ಒಳಗೆ ಕರೆದುಕೊಂಡರೆ ಮುಗಿಯಲಿಲ್ಲ. ಒಳಗೆ ಏನು ನಡೆಯುತ್ತಿದೆಯೆಂದು ನೋಡುವ ಹೊರಗಿನ ಕಣ್ಣೂ ಇರಬೇಕು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಕವನೆಂಟ್ ಹೌಸ್ ಕೂಡ 1990ರ ನಂತರ ಮೇರಿ ರೋಸ್ ಮೆಕ್‌ಗೀಡಿ ಎಂಬ ಸನ್ಯಾಸಿನಿಯ ನೇತೃತ್ವದಲ್ಲಿ ಜನರ ವಿಶ್ವಾಸವನ್ನು ಮತ್ತೆ ಗಳಿಸಬೇಕಾಯಿತು.

ನಮ್ಮ 2015ರ ಬಾಲನ್ಯಾಯ ಕಾಯಿದೆಯು ಇಂಥ ಗೃಹಗಳ ನೋಂದಣಿಯನ್ನೂ ತಪಾಸಣೆಯನ್ನೂ ಕಡ್ಡಾಯಗೊಳಿಸಿದೆ. ಸಿಕ್ಕ ಮಗುವನ್ನು, ಪ್ರಯಾಣದ ಅವಧಿ ಬಿಟ್ಟು, 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದೂ ಅದು ವಿಧಿಸುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಇದೇ ವಯಸ್ಸಿನ ಮಕ್ಕಳ ತಂದೆತಾಯಂದಿರು. ನಿಲ್ದಾಣದಲ್ಲಿ ಚೀಲ ಅಪ್ಪಿಕೊಂಡು ಒಂಟಿಯಾಗಿ ಕುಳಿತ ಮಗುವನ್ನು ಕಂಡರೆ ದಾಟಿಹೋಗದೆ ಮಾತನಾಡಿಸಿ, 1098ಕ್ಕೆ ಕರೆ ಮಾಡಿ. ದಲ್ಲಾಳಿ ಯಾವ ಕಾಲದಲ್ಲಿಯೂ ತಡಮಾಡಿದವನಲ್ಲ.