ಶಾಫ್ಟಿನಿಂದ ಬಸ್‌ಬಾರಿಗೆ: ದೊಡ್ಡೇರಿ ಸೀಮೆಯ ಗಿರಣಿಗಳನ್ನು ಮುಂದಿಟ್ಟುಕೊಂಡು ಒಂದು ಮರುವಿಚಾರ

ಕಾರ್ಖಾನೆಗಳ ವಿದ್ಯುದೀಕರಣದ ಚರ್ಚೆ ಸಾಮಾನ್ಯವಾಗಿ ವಾರನ್ ಡಿವೈನ್ 1983ರಲ್ಲಿ ಪ್ರಕಟಿಸಿದ 'ಫ್ರಮ್ ಶಾಫ್ಟ್ಸ್ ಟು ವೈರ್ಸ್' ಲೇಖನದಿಂದ ಹೊರಡುತ್ತದೆ. ಪಾಲ್ ಡೇವಿಡ್ 1990ರಲ್ಲಿ ಅದನ್ನು ಆಧರಿಸಿ ತಮ್ಮ ವಾದ ಬೆಳೆಸಿದರು. ಅಮೆರಿಕದ ಕಾರ್ಖಾನೆಗಳ ಚಾಲಕಶಕ್ತಿಯಲ್ಲಿ ವಿದ್ಯುತ್ತಿನ ಪಾಲು 1899ರಲ್ಲಿ ಶೇ. 5ನ್ನೂ ಮುಟ್ಟಿರಲಿಲ್ಲ; 1929ರ ಹೊತ್ತಿಗೆ ಶೇ. 78ರ ಸುಮಾರಿಗೆ ಏರಿತ್ತು. ನಮ್ಮಲ್ಲಿ 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಇಷ್ಟರ ಬಗ್ಗೆ ಯಾರ ತಕರಾರೂ ಇಲ್ಲ.

ತಕರಾರಿರುವುದು ಒಂದೇ ಮಾತಿಗೆ. ಶಾಫ್ಟು ಯಂತ್ರವನ್ನು ಒಂದು ಜಾಗಕ್ಕೆ ಕಟ್ಟಿಹಾಕಿತ್ತು, ಯಂತ್ರಕ್ಕೊಂದು ಮೋಟಾರು ಬಂದು ಅದನ್ನು ಬಿಡಿಸಿತು ಎಂಬುದು ಡಿವೈನ್ ನಿರೂಪಣೆಯ ತಿರುಳು. ತುಮಕೂರು ಜಿಲ್ಲೆಯ ದೊಡ್ಡೇರಿಯಂಥ ಹೋಬಳಿ ಊರುಗಳ ಹಳೆಯ ಮಾದರಿಯ ಗಿರಣಿಯನ್ನು ನೋಡಿದರೆ ಈ ಮಾತು ಅರ್ಧ ಮಾತ್ರ ನಿಲ್ಲುತ್ತದೆ. ಅಲ್ಲಿ ಒಂದು ಮೋಟಾರು, ಒಂದು ಶಾಫ್ಟು. ಅದರಿಂದ ಇಳಿದ ಬೆಲ್ಟುಗಳಲ್ಲಿ ರಾಗಿ ಬೀಸುವ ಕಲ್ಲು, ಭತ್ತದ ಹಲ್ಲರು, ಮೆಣಸಿನಕಾಯಿ ಪುಡಿಯ ಯಂತ್ರ. ಹೊಸ ಯಂತ್ರ ತಂದರೆ ಎರಡು ಹೋಳಿನ ಪುಲ್ಲಿಯನ್ನು ಶಾಫ್ಟಿನ ಮೇಲೆ ಬೇಕಾದ ಕಡೆ ಕೂರಿಸಿ ಬೋಲ್ಟು ಬಿಗಿದರಾಯಿತು. ಶಾಫ್ಟು ಬಿಚ್ಚಬೇಕಿಲ್ಲ, ಎಲೆಕ್ಟ್ರಿಷಿಯನ್ನನ್ನೂ ಕರೆಯಬೇಕಿಲ್ಲ. ಅದೇ ಯಂತ್ರಕ್ಕೆ ಪ್ರತ್ಯೇಕ ಮೋಟಾರು ಹಾಕಿ, ನೆಲದಡಿಯ ಪೈಪಿನಲ್ಲಿ ವೈರು ಎಳೆದಿದ್ದರೆ ಹತ್ತು ಅಡಿ ಸರಿಸುವುದಕ್ಕೂ ಗಾರೆ ಒಡೆಯಬೇಕು.

ಆದ್ದರಿಂದ ನನ್ನ ವಾದ ಇದು: ಯಂತ್ರದ ಜಾಗವನ್ನು ಸಡಿಲಗೊಳಿಸಿದ್ದು ಮೋಟಾರಿಗಿಂತ ಹೆಚ್ಚಾಗಿ, ಉದ್ದಕ್ಕೂ ಎಲ್ಲಿ ಬೇಕಾದರೂ ಶಕ್ತಿಯನ್ನು ಇಳಿಸಿಕೊಳ್ಳುವ ಅನುಕೂಲ. ಆ ಅನುಕೂಲ ಶಾಫ್ಟಿಗೆ ಮೊದಲೇ ಇತ್ತು. ವೈರಿಗೆ ಅದು ದಕ್ಕಿದ್ದು 1930ರ ದಶಕದಲ್ಲಿ, ಡೆಟ್ರಾಯಿಟಿನ ಮೋಟಾರು ಉದ್ಯಮದ ಒತ್ತಾಯಕ್ಕೆ ಪ್ಲಗ್-ಇನ್ ಬಸ್‌ಬಾರ್ ಬಂದ ಮೇಲೆ. ತಗಡಿನ ಕವಚದೊಳಗೆ ತಾಮ್ರದ ಅಥವಾ ಅಲ್ಯುಮಿನಿಯಮ್ಮಿನ ಪಟ್ಟಿಗಳು ಛಾವಣಿಯಡಿ ಹಾಯುತ್ತವೆ. ನಿಗದಿತ ಅಂತರಕ್ಕೊಂದು ಕಿಂಡಿ, ಕಿಂಡಿಗೆ ಟ್ಯಾಪ್-ಆಫ್ ಬಾಕ್ಸು. ಬಾಕ್ಸನ್ನು ಒಳಗೆ ತಳ್ಳುವಾಗ ಅರ್ತ್ ಕಡ್ಡಿ ಮೊದಲು ತಾಗುತ್ತದೆ, ಕೀಳುವಾಗ ಕೊನೆಗೆ ಬಿಡುತ್ತದೆ. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಉಡುಪಿನ ಮಾದರಿ ಬದಲಾದಾಗ ಹೊಲಿಗೆ ಯಂತ್ರಗಳ ಸಾಲನ್ನು ಬೇಗ ಮರುಜೋಡಿಸುವುದು ಇದರಿಂದಲೇ ಸುಲಭವಾಗಿರುವುದು.

ಈ ವಾದವನ್ನು ಹಿಗ್ಗಿಸಬಾರದು. ಶಾಫ್ಟಿನ ಸಡಿಲತೆ ಅದರ ಗೆರೆಗುಂಟ ಮಾತ್ರ. ಯಂತ್ರ ಶಾಫ್ಟಿಗೆ ಸಮಾನಾಂತರವಾಗಿಯೇ ನಿಲ್ಲಬೇಕು. ಬೆಲ್ಟುಗಳ ಕಾಡಿನಲ್ಲಿ ಮೇಲೆ ಕ್ರೇನು ಓಡಲಾರದು. ಒಂದೇ ಯಂತ್ರ ನಡೆದರೂ ಇಡೀ ಶಾಫ್ಟು ತಿರುಗಬೇಕು. ಇವನ್ನೆಲ್ಲ ಡಿವೈನ್ ಸರಿಯಾಗಿಯೇ ಗುರುತಿಸಿದ್ದಾರೆ. ಬಸ್‌ಬಾರನ್ನು ರೂಪಿಸಿದವರು ಶಾಫ್ಟನ್ನೇ ಕಣ್ಣೆದುರಿಗಿಟ್ಟುಕೊಂಡಿದ್ದರೆಂದೂ ನಾನು ಹೇಳುತ್ತಿಲ್ಲ.

ಗಿರಣಿಯಲ್ಲಿ ಶಾಫ್ಟು ಉಳಿದಿರುವುದನ್ನು ಹಿಂದುಳಿದಿರುವಿಕೆ ಎಂದು ತಳ್ಳಿಹಾಕುವಂತಿಲ್ಲ. ಬೆಸ್ಕಾಂ ಸಣ್ಣ ಕೈಗಾರಿಕೆಗೆ ಬಳಕೆಯ ಯೂನಿಟ್ಟಿನ ಜೊತೆಗೆ ಮಂಜೂರಾದ ಅಶ್ವಶಕ್ತಿಯ ಮೇಲೂ ನಿಗದಿತ ಶುಲ್ಕ ಹಾಕುತ್ತದೆ. 10, 7.5, 5 ಎಚ್‌ಪಿಯ ಮೂರು ಮೋಟಾರು ಕೂರಿಸಿದರೆ ಮಂಜೂರಾತಿ 22.5 ಎಚ್‌ಪಿ; ಯಂತ್ರಗಳನ್ನು ಸರದಿಯ ಮೇಲೆ ನಡೆಸುವವನಿಗೆ 10 ಎಚ್‌ಪಿಯ ಒಂದೇ ಮೋಟಾರು ಸಾಕು. ದಿನವಿಡೀ ಯಂತ್ರ ಓಡದ ಊರಿನಲ್ಲಿ ಈ ಅಂತರ ಬೆಲ್ಟಿನ ನಷ್ಟವನ್ನು ಮೀರಬಹುದು. 'ಬಹುದು' ಎಂದೇ ಬರೆಯುತ್ತೇನೆ: ಮೋಟಾರುಗಳ ಬೆಲೆ, ಸ್ಟಾರ್ಟರಿನ ಖರ್ಚು, ರಿಪೇರಿಯ ಅಭ್ಯಾಸ ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ.

ಶುಲ್ಕದ ಪಾಲೆಷ್ಟು, ಅಭ್ಯಾಸದ ಪಾಲೆಷ್ಟು ಎಂಬುದು ಇತ್ಯರ್ಥವಾಗಬೇಕಾದರೆ ಗಿರಣಿಗಳ ಲೆಕ್ಕಪುಸ್ತಕವೇ ಬೇಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಗಿರಣಿ ಮಾಲೀಕರಲ್ಲಿ ಉಳಿದಿರಬಹುದಾದ ಹಳೆಯ ಮಂಜೂರಾತಿ ಪತ್ರ, ಬಿಲ್ಲು, ಮೋಟಾರಿನ ರಸೀದಿಗಳನ್ನು ಶಾಫ್ಟುಗಳು ಗುಜರಿಗೆ ಹೋಗುವ ಮುನ್ನ ಪ್ರತಿ ಮಾಡಿಸಿಡುವ ಕೆಲಸವನ್ನು ಜಿಲ್ಲೆಯ ಸಂಶೋಧಕರು ಕೈಗೆತ್ತಿಕೊಳ್ಳಬೇಕು.