ಟವೆಲ್ಲಿನ ಕೆಳಗೆ ಕಪಿಲ್ ದೇವ್

ಮೂಡಲಗಿಯ ದನದ ಪೇಟೆಯಲ್ಲಿ ನಮ್ಮ ಸೋದರಮಾವ ಎಮ್ಮೆ ಮಾರುವುದನ್ನು ಮೊದಲ ಸಲ ನೋಡಿದಾಗ ನನಗೆ ಒಂಬತ್ತು ವರ್ಷ. ಕೊಳ್ಳುವವನು ಬಂದ, ಎಮ್ಮೆಯ ಹಲ್ಲು ನೋಡಿದ, ಕೆಚ್ಚಲು ಮುಟ್ಟಿದ, ತುಟಿ ಬಿಚ್ಚಲಿಲ್ಲ. ದಲಾಲ ಹೆಗಲ ಮೇಲಿನ ಟವೆಲ್ಲು ತೆಗೆದು ಮಾವನ ಬಲಗೈಗೆ ಹೊದಿಸಿ ತನ್ನ ಕೈಯನ್ನು ಒಳಗೆ ತೂರಿಸಿದ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಅದು ನೂರೋ ಸಾವಿರವೋ ಎಂಬುದು ದನ ನೋಡಿದವರಿಗೆ ಹೇಳದೇ ತಿಳಿಯುತ್ತದೆ. ಮಾವ ತಲೆ ಅಲ್ಲಾಡಿಸಿದ. ದಲಾಲ ಹೋಗಿ ಆ ಕಡೆಯವನ ಬೆರಳು ಹಿಡಿದು ಬಂದ. ಸುತ್ತ ನಿಂತವರಿಗೆ ಟವೆಲ್ಲು ಮಿಸುಕಾಡುವುದಷ್ಟೇ ಕಾಣುತ್ತಿತ್ತು.

"ಎಷ್ಟಕ್ಕ ಕೊಟ್ಟಿ ಮಾವಾ?" ಎಂದೆ.

"ಹಂಗ ಕೇಳಬಾರದು" ಎಂದು ನನ್ನ ಅಂಗೈಗೆ ಎಂಟಾಣೆ ಹಾಕಿದ.

ಆ ಎಂಟಾಣೆ ಹೋದದ್ದು ಬಬಲ್ ಗಮ್ಮಿಗೆ. ಗಮ್ಮಿನ ಜೊತೆ ಬಂದವನು ಕಪಿಲ್ ದೇವ್. 1987ನೇ ಇಸವಿ, ರಿಲಯನ್ಸ್ ಕಪ್ಪಿನ ವರ್ಷ. ಭಾರತದಲ್ಲೇ ವಿಶ್ವಕಪ್ ನಡೆಯುತ್ತಿತ್ತು, ನಮ್ಮ ಚಾಳಿನ ಹುಡುಗರೆಲ್ಲ ಗಮ್ಮು ಜಗಿದು ದವಡೆ ನೋಯಿಸಿಕೊಂಡಿದ್ದರು.

ನಾನು ಹುಟ್ಟಿ ಬೆಳೆದದ್ದು ಗೋಕಾಕ ಫಾಲ್ಸಿನ ಮಿಲ್ಲಿನ ಚಾಳಿನಲ್ಲಿ. ಘಟಪ್ರಭೆ 52 ಮೀಟರ್ ಕೆಳಗೆ ಬೀಳುವ ಕಡೆ, ಅದೇ ನೀರಿನ ಬಲ ನಂಬಿ 1885ರಲ್ಲಿ ಕಂಪನಿ ಕಟ್ಟಿ 1887ರಿಂದ ನೂಲು ತೆಗೆಯಲು ಹಿಡಿದ ಮಿಲ್ಲು ಅದು. ಅಜ್ಜ ಅಲ್ಲೇ ದುಡಿದ, ಅಪ್ಪನೂ ಅಲ್ಲೇ. ನಮಗೆ ಗಡಿಯಾರ ಬೇಕಿರಲಿಲ್ಲ; ಮಿಲ್ಲಿನ ಭೋಂಗಾ ಆದಾಗ ಏಳುವುದು, ಭೋಂಗಾ ಆದಾಗ ಉಣ್ಣುವುದು. ಪಾಳಿ ಬಿಟ್ಟು ಬರುವ ಗಂಡಸರ ಕಿಸೆಯಲ್ಲಿ ಚಿಲ್ಲರೆ ಇರುತ್ತದೆಂದು ನಾವು ತಿರುವಿನಲ್ಲಿ ಕಾಯುತ್ತಿದ್ದೆವು. ಬಿಗ್ ಫನ್ ಗಮ್ಮಿನ ಕಾರ್ಡಿನಲ್ಲಿ ಆಟಗಾರನ ಜೊತೆ ಇಷ್ಟು ರನ್ನು, ಇಷ್ಟು ವಿಕೆಟ್ಟು ಎಂದು ಇರುತ್ತಿತ್ತು. ಕೂಡಿಸಿ ಕೊಟ್ಟರೆ ಸರಸರ ಹಾಳೆ ಹಾರಿಸಿದಾಗ ಆಟಗಾರ ಬ್ಯಾಟು ಬೀಸುವ ಪುಟ್ಟ ಪುಸ್ತಕ ಸಿಗುತ್ತಿತ್ತು. ನನಗೆ ಒಂದೇ ಸಿಕ್ಕಿತು. ಅದನ್ನು ಹಾರಿಸಿ ಹಾರಿಸಿ ಆಟಗಾರನ ಮೊಣಕೈ ಸವೆದುಹೋಯಿತು.

ಆಮೇಲೆ ಬಂದವು ಟ್ರಂಪ್ ಕಾರ್ಡುಗಳು. ಕ್ರಿಕೆಟ್ಟಿನವೂ ಇದ್ದವು, ಡಬ್ಲ್ಯೂಡಬ್ಲ್ಯೂಎಫ್ ಕುಸ್ತಿಯವೂ ಇದ್ದವು. ಗರಡಿ ಮನೆಯ ಮಣ್ಣು ಮೈಗೆ ಹಚ್ಚಿಕೊಂಡು ಬೆಳೆದ ನನ್ನ ಅಜ್ಜ ಅಂಡರ್‌ಟೇಕರನ ಕಾರ್ಡು ಹಿಡಿದು, ಎತ್ತರ, ತೂಕ, ಎದೆಯ ಸುತ್ತಳತೆ ಎಲ್ಲ ನನ್ನಿಂದ ಓದಿಸಿಕೊಂಡು, "ಇವ ಯಾವ ಊರ ಪೈಲವಾನೋ? ಲಂಗೋಟಿ ಕಟ್ಟಿಲ್ಲಲ್ಲ" ಎಂದ.

ಅದೇ ಅಜ್ಜನ ಟ್ರಂಕಿನಲ್ಲಿ ನನ್ನ ಕಾರ್ಡುಗಳ ಅಜ್ಜಂದಿರು ಇದ್ದರು. ನೂಲಿನ ಗಂಟಿಗೆ ಅಂಟಿಸುವ ಬಣ್ಣದ ಚೀಟಿಗಳು. ಹತ್ತು ಪೌಂಡಿನ ಗಂಟು ಕಟ್ಟಿ, ನೂಲಿನ ನಂಬರು ಹಾಕಿ, ಮೇಲೊಂದು ಚಿತ್ರ ಅಂಟಿಸಿ ಮಗ್ಗದ ಊರುಗಳಿಗೆ ಕಳಿಸುವುದು ಆಗಿನ ಮಿಲ್ಲುಗಳ ರೂಢಿ. ಓದು ಬಾರದ ನೇಕಾರ ಅಂಗಡಿಗೆ ಬಂದು ಕಂಪನಿಯ ಹೆಸರು ಹೇಳುತ್ತಿರಲಿಲ್ಲ. ಆನೆಯದು ಕೊಡು, ಲಕ್ಷ್ಮಿಯದು ಕೊಡು ಅನ್ನುತ್ತಿದ್ದ. ಮ್ಯಾಂಚೆಸ್ಟರಿನ ವ್ಯಾಪಾರಿಗಳು ನಮ್ಮ ದೇವರುಗಳನ್ನು ಅಚ್ಚು ಹಾಕಿಸಿ ಬಟ್ಟೆಯ ಥಾನಿನ ಮೇಲೆ ಅಂಟಿಸಿ ಕಳಿಸಿದರು. ಮುಂಬಯಿ ಕಡೆಯ ಮಿಲ್ಲುಗಳೂ ಅದನ್ನೇ ಹಿಡಿದವು. ಟಿಕೀಟು, ಟಿಕಾ, ಛಾಪು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಹೆಸರು. ಬೆಂಗಳೂರಿನ ಮ್ಯಾಪ್ ವಸ್ತುಸಂಗ್ರಹಾಲಯ ತನ್ನಲ್ಲಿರುವ ಇಂಥ ಚೀಟಿಗಳನ್ನು ಪ್ರದರ್ಶನಕ್ಕೇ ಇಟ್ಟಿತು. ನಮ್ಮ ಮನೆಯಲ್ಲಿ ಅವನ್ನು ದೇವರ ಗೂಡಿನ ಹಿಂಬದಿಗೆ ಅಂಟಿಸಿದ್ದರು.

ಪುಕ್ಕಟೆ ಚಿತ್ರ ಕೊಟ್ಟು ಸರಕು ಮಾರುವ ಈ ಉಪಾಯ ಸಿಗರೇಟಿನವರದೂ ಹೌದು. ಮೆತ್ತನೆಯ ಪೊಟ್ಟಣದಲ್ಲಿ ಸಿಗರೇಟು ಮುರಿಯದಿರಲೆಂದು ಒಂದು ಗಟ್ಟಿ ಕಾಗದ ಇಡುತ್ತಿದ್ದರು. ಖಾಲಿ ಕಾಗದ ಏಕೆಂದು ಅಮೆರಿಕದ ಅಲೆನ್ ಅಂಡ್ ಗಿಂಟರ್ ಕಂಪನಿ 1887ರ ಹೊತ್ತಿಗೆ ಅದರ ಮೇಲೆ ಮುಷ್ಟಿ ಕಾಳಗದವರನ್ನೂ ಬೇಸ್‌ಬಾಲಿನವರನ್ನೂ ಅಚ್ಚು ಹಾಕಿತು. ನಮ್ಮ ಮಿಲ್ಲು ನೂಲು ತೆಗೆಯಲು ಹಿಡಿದ ವರ್ಷವೇ ಅದು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲಿ ಕ್ರಿಕೆಟಿಗರ 50 ಕಾರ್ಡುಗಳ ಕಟ್ಟು ತಂದಿತು. ಜಾನ್ ಪ್ಲೇಯರ್ ಕಂಪನಿಯ 1930ರ ಸರಣಿಯಲ್ಲಿ ನಮ್ಮ ದುಲೀಪಸಿಂಹಜಿ ಇದ್ದಾರೆ, ಆದರೆ ಇಂಗ್ಲೆಂಡಿನ ಆಟಗಾರರಾಗಿ. ಎರಡನೇ ಮಹಾಯುದ್ಧದಲ್ಲಿ ಕಾಗದಕ್ಕೆ ತತ್ವಾರ ಬಂದಾಗ ಸಿಗರೇಟು ಕಾರ್ಡು ನಿಂತಿತು. ಆಮೇಲೆ ಗಮ್ಮಿನವರು ಆ ಜಾಗ ಹಿಡಿದರು.

ಗಮ್ಮಿನವರಲ್ಲಿ ದೊಡ್ಡ ಹೆಸರು ಟಾಪ್ಸ್. ಅವರ 1952ರ ಬೇಸ್‌ಬಾಲ್ ಕಾರ್ಡು ಮಾರಾಟವಾಗದೆ ಗೋದಾಮಿನಲ್ಲಿ ಕೊಳೆಯಿತು. 1960ರಲ್ಲಿ ಅವನ್ನು ದೋಣಿಗೆ ಹೇರಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದೆವೆಂದು ಕಂಪನಿಯ ಸೈ ಬರ್ಗರ್ ತಾವೇ ಹೇಳಿಕೊಂಡಿದ್ದಾರೆ. ಅದೇ ಸರಣಿಯ ಮಿಕ್ಕಿ ಮ್ಯಾಂಟಲ್ ಕಾರ್ಡೊಂದು 2022ರ ಆಗಸ್ಟಿನಲ್ಲಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಈ ಸುದ್ದಿ ಓದಿದ ದಿನ ನಾನು ಅವ್ವನಿಗೆ ಹೇಳಿದೆ. ನಾನು ಎಸ್ಸೆಸ್ಸೆಲ್ಸಿ ಬರೆಯುವ ವರ್ಷ, ಓದು ಕೆಡುತ್ತದೆಂದು, ಅವ್ವ ನನ್ನ ಬಿಸ್ಕೀಟು ಡಬ್ಬಿಯ ಕಾರ್ಡನ್ನೆಲ್ಲ ಬಚ್ಚಲ ಒಲೆಗೆ ಹಾಕಿದ್ದಳು. ಅವ್ವ ಸ್ವಲ್ಪ ಹೊತ್ತು ಯೋಚಿಸಿ, "ಅವರು ಸಮುದ್ರಕ್ಕ ಹಾಕಿದರು, ನಾ ನೀರರ ಕಾಸಿದೆ" ಎಂದಳು.

ಒಲೆಗೆ ಹೋದದ್ದನ್ನು ಮರಳಿ ತರುವ ಹುಚ್ಚು ಹತ್ತಿದ್ದು ಹುಕ್ಕೇರಿಯಲ್ಲಿ. ಶಾಲೆಯ ಮಾಸ್ತರಕಿ ಅಲ್ಲಿ ಸಿಕ್ಕಿತ್ತು. ಆದಿಲಶಾಹಿ ಕಾಲದ ಗುಮ್ಮಟಗಳ ಊರು. ಪೇಟೆಯಲ್ಲಿ ಅದೇ ತಾನೇ ಒಂದು ಸೈಬರ್ ಅಂಗಡಿ ತೆರೆದಿತ್ತು, ತಾಸಿಗೆ ಇಷ್ಟು ಎಂದು ರೊಕ್ಕ. 2000ದಲ್ಲಿ ಮುಂಬಯಿಯಲ್ಲಿ ಶುರುವಾದ ಬಾಜೀ ಡಾಟ್ ಕಾಮ್ ಎಂಬ ಅಂತರಜಾಲದ ಹರಾಜು ತಾಣವನ್ನು 2004ರಲ್ಲಿ ಅಮೆರಿಕದ ಇಬೇ ಕೊಂಡಿತ್ತು. ಇಬೇಯಾದರೂ 1995ರಲ್ಲಿ ಪಿಯರ್ ಒಮಿಡ್ಯಾರ್ ಎಂಬವನು ಮುರಿದ ಲೇಸರ್ ಪಾಯಿಂಟರ್ ಒಂದನ್ನು 14.83 ಡಾಲರಿಗೆ ಮಾರಿ ಶುರು ಮಾಡಿದ ಅಂಗಡಿ. ಮುರಿದದ್ದಕ್ಕೂ ಗಿರಾಕಿ ಉಂಟೆಂದಮೇಲೆ ನನ್ನ ಸುಟ್ಟುಹೋದ ಕಪಿಲನಿಗೂ ಜೊತೆಗಾರ ಎಲ್ಲೋ ಇರಲೇಬೇಕಲ್ಲ.

ಇಲ್ಲಿ ನನ್ನ ಮಾವನ ಟವೆಲ್ಲು ನೆನಪಾಯಿತು. ಅಂತರಜಾಲದ ಸವಾಲಿನಲ್ಲಿ ಒಂದು ಏರ್ಪಾಡಿದೆ. ಐನೂರರವರೆಗೆ ಹೋಗುತ್ತೇನೆಂದು ನೀವು ಯಂತ್ರದ ಕಿವಿಯಲ್ಲಿ ಹೇಳಿಡಬಹುದು. ಅದು ಯಾರಿಗೂ ಹೇಳುವುದಿಲ್ಲ. ಎದುರಾಳಿ 120 ಎಂದರೆ ನಿಮ್ಮ ಪರವಾಗಿ 130 ಎನ್ನುತ್ತದೆ, ಆತ 140 ಎಂದರೆ 150. ನಿಮ್ಮ ಐನೂರು ಬಟ್ಟೆಯ ಕೆಳಗೇ ಉಳಿಯುತ್ತದೆ. ಇದನ್ನು ಕಂಪ್ಯೂಟರಿನವರು ಹೊಸದಾಗಿ ಕಂಡುಹಿಡಿದರೆಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ನಮ್ಮ ಸೀಮೆಯ ಪೇಟೆಗಳ ಚರಿತ್ರೆಯೇ ಈ ಬಟ್ಟೆ ತೆಗೆದು ಹೊದಿಸಿದ ಕಥೆ. ಬೆಳಗಾವಿ ಸೀಮೆ 1956ರವರೆಗೆ ಮುಂಬಯಿಗೆ ಸೇರಿತ್ತು. ಅಲ್ಲಿ ಹತ್ತಿ, ಬೆಲ್ಲ, ಕಾಳು ಎಲ್ಲದರ ಧಾರಣೆಯೂ ಬಟ್ಟೆಯ ಕೆಳಗೆ ಕುದುರುತ್ತಿತ್ತು. ರೈತನಿಗೆ ತನ್ನ ಮಾಲು ಎಷ್ಟಕ್ಕೆ ಹೋಯಿತೆಂದು ದಲಾಲ ಹೇಳಿದಷ್ಟೇ ಗೊತ್ತು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಪೇಟೆಗಳಿಗೆ ಕಾನೂನಿನ ಕಟ್ಟು ಬೇಕೆಂದಿತು. 1939ರಲ್ಲಿ ಮುಂಬಯಿ ಪ್ರಾಂತ್ಯ ಕಾಯ್ದೆ ಮಾಡಿತು. ಏಕೀಕರಣದ ಬಳಿಕ 1966ರಲ್ಲಿ ನಮ್ಮ ರಾಜ್ಯದ್ದೇ ಕಾಯ್ದೆ ಬಂತು. ಬೆರಳಿನ ಜಾಗದಲ್ಲಿ ಬಾಯಿ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಮೆಣಸಿನಕಾಯಿಯ ಸವಾಲು ಕೇಳಿದವರಿಗೆ ಅದರ ರಂಗು ಗೊತ್ತು. ಕೂಗುವವನ ಗಂಟಲಿಗಿಂತ ಸೀನುವವರ ಸದ್ದೇ ಜೋರು. ಅಲ್ಲಿ ವ್ಯಾಪಾರಿ ಮೊದಲು ನೋಡುವುದು ಕಾಯಿಯನ್ನಲ್ಲ, ಎದುರು ನಿಂತ ಇನ್ನೊಬ್ಬ ವ್ಯಾಪಾರಿಯ ಮುಖವನ್ನು. ಅವನು ಮೂಗು ಮುರಿದರೆ ಇವನೂ ಹಿಂದೆ ಸರಿಯುತ್ತಾನೆ, ಅವನು ಇನ್ನೊಮ್ಮೆ ಕೈ ಹಾಕಿ ಮೂಸಿದರೆ ಇವನ ಧ್ವನಿ ಏರುತ್ತದೆ. 2014ರಿಂದ ಕರ್ನಾಟಕದ ಪೇಟೆಗಳಿಗೆ ಕಂಪ್ಯೂಟರ್ ಟೆಂಡರು ಬಂತು. ಪ್ರತಿ ರಾಶಿಗೂ ವ್ಯಾಪಾರಿ ತನ್ನ ಧಾರಣೆಯನ್ನು ಒಳಗೊಳಗೇ ಒತ್ತಿ ಕಳಿಸುತ್ತಾನೆ, ಹೊತ್ತು ಮುಗಿದ ಮೇಲೆ ಹೆಚ್ಚಿನದು ಹೊರಬೀಳುತ್ತದೆ. ಬಟ್ಟೆ ಮತ್ತೆ ಬಂತು, ಆದರೆ ಈ ಸಲ ಕಡೆಗೆ ಎತ್ತಿ ತೋರಿಸುತ್ತಾರೆ. ದನದ ಪೇಟೆಯವರು ಮಾತ್ರ ಇದ್ಯಾವುದಕ್ಕೂ ಕಿವಿಗೊಡಲಿಲ್ಲ. ಮೂಡಲಗಿ 2018ರಲ್ಲಿ ತಾಲ್ಲೂಕಾಯಿತು. ಟವೆಲ್ಲು ಟವೆಲ್ಲಾಗಿಯೇ ಉಳಿಯಿತು.

ಐಪಿಎಲ್‌ನ ಮೊದಲ ಹರಾಜು, 2008ರ ಫೆಬ್ರುವರಿ 20. ಧೋನಿ 15 ಲಕ್ಷ ಡಾಲರಿಗೆ ಹೋದ ಸುದ್ದಿಯನ್ನು ಮಾವ ನಮ್ಮ ಮನೆಯ ಟೀವಿಯಲ್ಲಿ ನೋಡಿದ. "ಬಹಿರಂಗ ಕೂಗ್ಯಾರ, ತಪ್ಪು ಮಾಡ್ಯಾರ. ಬೆರಳ ಹಿಡಿದಿದ್ದರ ಕಡಿಮಿಗೆ ಬರ್ತಿದ್ದ" ಎಂದ.

ನನ್ನ ಕೊಳ್ಳುವಿಕೆಯಲ್ಲಿ ಪೆಟ್ಟು ತಿಂದದ್ದೂ ಉಂಟು. 1930ರ ಸಿಗರೇಟು ಕಾರ್ಡೆಂದು ಒಬ್ಬ ಮಾರಿದ್ದು ಖೊಟ್ಟಿ. ಡಿಡಿ ತೆಗೆದು ಕಳಿಸಿ ಮೂರು ವಾರ ಕಾದೆ. ಬಂದದ್ದು ಹೊಸ ರಟ್ಟಿನ ಮೇಲೆ ಕಲರ್ ಪ್ರಿಂಟು, ಬೆನ್ನು ಬೆಳ್ಳಗೆ. ನಿಜವಾದದ್ದರ ಬೆನ್ನಿನಲ್ಲಿ ಆಟಗಾರನ ಚರಿತ್ರೆ, ಕಂಪನಿಯ ಹೆಸರು ಇರುತ್ತದೆಂದು ಆಮೇಲೆ ಕಲಿತೆ. ಎಮ್ಮೆಯಾಗಿದ್ದರೆ ಹಲ್ಲಾದರೂ ನೋಡುತ್ತಿದ್ದೆ. ಇನ್ನೊಮ್ಮೆ, ಕಡೆಯ ಐದು ಸೆಕೆಂಡಿಗೆ ಒತ್ತಿದರೆ ಎದುರಾಳಿಗೆ ಏರಿಸಲು ಪುರಸತ್ತಿರುವುದಿಲ್ಲ ಎಂಬ ಉಪಾಯ ಕಲಿತು ಸೈಬರಿನಲ್ಲಿ ಕಾದು ಕೂತಿದ್ದೆ. ಅಂಗಡಿಯ ಗೋಡೆ ಗಡಿಯಾರ ನಾಲ್ಕು ನಿಮಿಷ ಹಿಂದಿತ್ತು. ಭೋಂಗಾದ ಊರಲ್ಲಿ ಬೆಳೆದವನು ಗೋಡೆ ಗಡಿಯಾರ ನಂಬಬಾರದಿತ್ತು. ದುಲೀಪಸಿಂಹಜಿಯ ಅಸಲು ಕಾರ್ಡು ಕಡೆಗೂ ಇಂಗ್ಲೆಂಡಿನಿಂದಲೇ ಬಂತು, ಕಾರ್ಡಿಗಿಂತ ಟಪಾಲು ಖರ್ಚೇ ತುಟ್ಟಿ.

2018ರ ಆಗಸ್ಟಿನಲ್ಲಿ ಇಬೇ ಇಂಡಿಯಾ ಬಾಗಿಲು ಹಾಕಿತು. ಕಾರ್ಡಿನವರು ಫೇಸ್‌ಬುಕ್ಕಿಗೂ ವಾಟ್ಸ್‌ಆ್ಯಪ್ ಗುಂಪಿಗೂ ಸರಿದರು. ಅಲ್ಲಿಯ ರಿವಾಜು ಸರಳ: ರಾತ್ರಿ ಒಂಬತ್ತಕ್ಕೆ ಫೋಟೋ, ಮೂಲ ಬೆಲೆ, ಏರಿಕೆ ಹತ್ತು ರೂಪಾಯಿ, ಹತ್ತು ಗಂಟೆಗೆ ಮುಕ್ತಾಯ. ಕಡೆಯ ನಿಮಿಷದಲ್ಲಿ ಯಾರಾದರೂ ಕೂಗಿದರೆ ಇನ್ನೆರಡು ನಿಮಿಷ ಮುಂದೂಡಿಕೆ. ಗೆದ್ದವನು ಯುಪಿಐನಲ್ಲಿ ರೊಕ್ಕ ಹಾಕಿದರೆ ಸ್ಪೀಡ್ ಪೋಸ್ಟಿನಲ್ಲಿ ಕಾರ್ಡು. ಅಮೆರಿಕದವರು ಕಾರ್ಡಿಗೆ ಹತ್ತಕ್ಕೆ ಇಷ್ಟೆಂದು ಅಂಕ ಕೊಡಿಸಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಹಾಕಿಸುತ್ತಾರೆ. ನಮ್ಮ ಗಮ್ಮು ಕಾರ್ಡುಗಳಲ್ಲಿ ಹುಡುಗರ ಹಲ್ಲಿನ ಗುರುತಿಲ್ಲದ ಮೂಲೆ ಸಿಕ್ಕರೆ ಅದೇ ದೊಡ್ಡದು.

ಸಚಿನ್, ದ್ರಾವಿಡ್, ಕುಂಬ್ಳೆ ಬಂದಾಗ ಗುಂಪು ಗದ್ದಲವೆದ್ದು ಬೆಲೆ ನನ್ನ ಕೈಮೀರಿ ಹೋಗುತ್ತದೆ. ನಾನು ಕಾಯುವುದು ಬೇರೆಯವನಿಗೆ. ಗದಗಿನ ಸುನೀಲ್ ಜೋಶಿ. ಹುಡುಗನಿದ್ದಾಗ ದಿನಾ ನಸುಕಿಗೆ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಬೌಲಿಂಗು ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ತಿರುಗಿ ಬರುತ್ತಿದ್ದವರು. 1996ರಲ್ಲಿ ಅವರು ಟೆಸ್ಟಿಗೆ ಇಳಿದಾಗ, ನಮ್ಮ ಹಾಗೆ "ಹೌದ್ರಿ" ಎನ್ನುವ ಮನುಷ್ಯ ಭಾರತದ ಟೋಪಿ ಹಾಕಿದ್ದು ಕಂಡು ಚಾಳಿನವರು ಮಿಠಾಯಿ ಹಂಚಿದ್ದರು. 15 ಟೆಸ್ಟು, 41 ವಿಕೆಟ್ಟು. 69 ಒಂದು ದಿನದ ಪಂದ್ಯ, ವಿಕೆಟ್ಟೂ ಅಷ್ಟೇ 69. 1999ರ ಸೆಪ್ಟೆಂಬರಿನಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು 10 ಓವರು, 6 ಮೇಡನ್, 6 ರನ್ನು, 5 ವಿಕೆಟ್ಟು. ಇಂಥ ಲೆಕ್ಕ ಟ್ರಂಪ್ ಕಾರ್ಡಿಗೆಂದೇ ಹುಟ್ಟಿದ್ದು.

ಒಂದು ರಾತ್ರಿ ಜೋಶಿಯ ಕಾರ್ಡು ಬಂತು, ಮೂಲ ಬೆಲೆ 50. ನಾನು ಐವತ್ತು ಎಂದೆ. ಇವರನ್ನು ಯಾರು ಕೇಳುತ್ತಾರೆಂದು ಫೋನು ಕೆಳಗಿಡುವಷ್ಟರಲ್ಲಿ ಅರವತ್ತು ಬಂತು. ಹೆಸರಿಲ್ಲ, ಮುಖದ ಜಾಗದಲ್ಲಿ ಒಂದು ಎತ್ತಿನ ಜೋಡಿ. ಎಪ್ಪತ್ತು, ಎಂಬತ್ತು, ನೂರಾಹತ್ತು. ಸಂಕೇಶ್ವರದಲ್ಲಾದರೆ ಅವನ ಮುಖ ನೋಡಿ ಎಷ್ಟು ದಮ್ಮಿದೆಯೆಂದು ಅಳೆಯುತ್ತಿದ್ದೆ. ಎತ್ತಿನ ಮುಖದಲ್ಲಿ ಏನು ಓದಲಿ? 340ಕ್ಕೆ ಆತ ಬಿಟ್ಟ. ಮರುದಿನ ಬೆಳಿಗ್ಗೆ ಆ ಎತ್ತಿನಿಂದ ಸಂದೇಶ: "ಮಾಸ್ತರ, ಎರಡನೇದು ಕಂಡರ ನನಗ ಹೇಳ್ರಿ. ನಮ್ಮದು ರೋಣ ಕಡೆ."

ಹೋದ ತಿಂಗಳು ಎರಡನೆಯದು ಬಂತು. ಆತನಿಗೆ ತಿಳಿಸಿ ನಾನು ಸುಮ್ಮನೆ ಕೂತೆ. ಐವತ್ತಕ್ಕೆ ಹೋಯಿತು.