ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಸರಕಾರ ಬಜೆಟ್ ಮಂಡಿಸುವ ದಿನ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಯಾವುದಕ್ಕೆ ತೆರಿಗೆ, ಯಾವುದಕ್ಕೆ ವಿನಾಯಿತಿ ಎಂದು ತಜ್ಞರು ಚರ್ಚಿಸುತ್ತಾರೆ. ಆದರೆ ತಿಂಗಳ ಮೊದಲ ತಾರೀಕಿಗೆ ಮನೆಮನೆಯಲ್ಲೂ ಇನ್ನೊಂದು ಬಜೆಟ್ ಸಿದ್ಧವಾಗುತ್ತದೆ. ಬಾಡಿಗೆ, ಹಾಲು, ಅಕ್ಕಿ, ಮಕ್ಕಳ ಫೀಸು, ಅಜ್ಜಿಯ ಮಾತ್ರೆ, ಅಂಗಡಿಯ ಬಾಕಿ. ಇದನ್ನು ಮಂಡಿಸುವಾಕೆಗೆ ಭಾಷಣ ಮಾಡುವ ಅವಕಾಶವಿಲ್ಲ; ಕೊರತೆ ಬಿದ್ದರೆ ನೋಟು ಅಚ್ಚು ಹಾಕಿಸುವ ಅಧಿಕಾರವೂ ಇಲ್ಲ. ಈ ಬಜೆಟ್ಟಿಗೂ ಒಂದು ಇತಿಹಾಸವಿದೆ. ಅದು ತಕ್ಕಮಟ್ಟಿಗೆ ದಾಖಲಾಗಿ ಉಳಿದಿರುವ ದೇಶಗಳಲ್ಲಿ ಜಪಾನ್ ಮುಖ್ಯವಾದುದು. ಅಲ್ಲಿ ಮನೆಯ ಲೆಕ್ಕದ ಪುಸ್ತಕಕ್ಕೆ 'ಕಕೇಬೊ' ಎನ್ನುತ್ತಾರೆ.

2017ರಲ್ಲಿ ಇದೇ ಹೆಸರಿನ ಪುಸ್ತಕವೊಂದು ಇಂಗ್ಲಿಷಿನಲ್ಲಿ ಬಂದ ಮೇಲೆ ಕಕೇಬೊ ಜಗತ್ತಿನ ಅನೇಕ ಕಡೆ ಫ್ಯಾಷನ್ ಆಯಿತು. ಜಪಾನಿಯರ ಉಳಿತಾಯದ ಗುಟ್ಟು ಎಂಬ ಹಣೆಪಟ್ಟಿ ಹಚ್ಚಿ ಚಂದದ ಡೈರಿಗಳನ್ನು ಮಾರಿದರು. ಗುಟ್ಟು ಎಂಬ ಮಾತನ್ನು ಕೇಳಿದಾಗಲೆಲ್ಲ ನಾವು ಸ್ವಲ್ಪ ಹುಷಾರಾಗಿರುವುದು ಒಳ್ಳೆಯದು. ಏಕೆಂದರೆ ಈ ಪುಸ್ತಕದ ನಿಜವಾದ ಕತೆಯಲ್ಲಿ ಉಳಿತಾಯದಷ್ಟೇ ಸಾಲವಿದೆ, ಹಸಿವಿದೆ, ಯುದ್ಧವೂ ಇದೆ.

ಹಿಂದಿನ ಕಾಲದ ಜಪಾನಿನಲ್ಲಿ ಪಟ್ಟಣದ ಮನೆಗಳು ನಡೆಯುತ್ತಿದ್ದುದೇ ಬಾಕಿಯ ಮೇಲೆ. ಅಕ್ಕಿಯವನು, ಎಣ್ಣೆಯವನು, ಬಟ್ಟೆಯವನು ತಮ್ಮ ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಹಿರಿಯರನ್ನು ಸ್ಮರಿಸುವ ಬೇಸಿಗೆಯ ಹಬ್ಬಕ್ಕೆ ಒಮ್ಮೆ, ವರ್ಷದ ಕೊನೆಗೆ ಒಮ್ಮೆ ವಸೂಲಿಗೆ ಬರುತ್ತಿದ್ದರು. ಇಹಾರಾ ಸೈಕಾಕು ಎಂಬ ಲೇಖಕ 1692ರಲ್ಲಿ ಪ್ರಕಟಿಸಿದ ಒಂದು ಕಥಾಸಂಕಲನದ ವಸ್ತುವೇ ವರ್ಷದ ಆ ಕಡೆಯ ದಿನ. ಸಾಲಗಾರರಿಂದ ತಪ್ಪಿಸಿಕೊಳ್ಳಲು ಜನ ಹೂಡುವ ಆಟಗಳನ್ನು ಓದಿದರೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಲೆಕ್ಕದ ಪುಸ್ತಕ ಇದ್ದುದೆಲ್ಲ ಅಂಗಡಿಯವನ ಬಳಿ, ಮನೆಯವರ ಬಳಿ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ತಾನೆಷ್ಟು ಕೊಡಬೇಕೆಂದು ಕೊಳ್ಳುವವನಿಗೆ ತಿಳಿಯುತ್ತಿದ್ದುದು ಮಾರುವವನ ಬಾಯಿಂದ.

ಹಾಗೆಂದು ಮನೆಲೆಕ್ಕ ಬರೆದವರೇ ಇರಲಿಲ್ಲವೆಂದಲ್ಲ. ಇತಿಹಾಸಕಾರ ಇಸೊದಾ ಮಿಚಿಫುಮಿ ಅವರು ಇನೊಯಾಮ ಎಂಬ ಸಮುರಾಯ್ ಕುಟುಂಬದ ಲೆಕ್ಕಪತ್ರಗಳನ್ನು ಅಧ್ಯಯನ ಮಾಡಿ 2003ರಲ್ಲಿ ಪುಸ್ತಕ ಬರೆದರು. 2010ರಲ್ಲಿ ಅದು ಸಿನಿಮಾ ಕೂಡ ಆಯಿತು. ಸಮುರಾಯ್ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಕತ್ತಿ. ಇನೊಯಾಮ ಮನೆಯವರ ಆಯುಧ ಮಣಿಚೌಕಟ್ಟು. ಕಾಗಾ ಸಂಸ್ಥಾನದಲ್ಲಿ ಅವರದು ಲೆಕ್ಕ ಬರೆಯುವ ಕೆಲಸ. ಸಂಸ್ಥಾನದ ಲೆಕ್ಕ ಸರಿಯಾಗಿಯೇ ಇತ್ತು. ಕೆಟ್ಟದ್ದು ಸ್ವಂತ ಮನೆಯದು. ಸಾಲ ವರ್ಷದ ಆದಾಯದ ಸುಮಾರು ಎರಡು ಪಟ್ಟಾಗಿತ್ತು. ಕಾರಣ ದುಂದುಗಾರಿಕೆ ಎನ್ನುವುದಕ್ಕಿಂತ ಅಂತಸ್ತು ಎನ್ನುವುದು ಸರಿ. ಆಳುಕಾಳು, ಉಡುಗೊರೆ, ನೆಂಟರಿಷ್ಟರ ಸಮಾರಂಭ, ಯಾವುದನ್ನು ಬಿಟ್ಟರೂ ಸಮುರಾಯ್ ಮರ್ಯಾದೆಗೆ ಕುಂದು. ನಾಲ್ಕು ಜನ ಏನೆಂದಾರು ಎಂಬ ಭಯಕ್ಕೆ ದೇಶಭಾಷೆಗಳ ಗಡಿಯಿಲ್ಲ.

ಕೊನೆಗೆ ಮನೆಯವರು ಬೆಲೆಬಾಳುವ ಉಡುಪು, ಪಾತ್ರೆಪರಡಿಗಳನ್ನೆಲ್ಲ ಮಾರಿ ಸಾಲದ ದೊಡ್ಡ ಭಾಗ ತೀರಿಸಿದರು. ಮುಂದೆ ಸಣ್ಣ ಖರ್ಚನ್ನೂ ಬಿಡದೆ ಬರೆದಿಟ್ಟರು. 1842ರಿಂದ 1879ರವರೆಗೆ, ಅಂದರೆ 37 ವರ್ಷಗಳ ದಾಖಲೆ ಅದು. ಮಗುವಿನ ಶುಭಕಾರ್ಯವೊಂದಕ್ಕೆ ಸಂಪ್ರದಾಯದಂತೆ ಬಡಿಸಬೇಕಾದ ದುಬಾರಿ ಮೀನನ್ನು ಕೊಳ್ಳಲಾಗದೆ, ಮೀನಿನ ಚಿತ್ರ ಬರೆದು ಇಟ್ಟರಂತೆ. ಆ ಊಟಕ್ಕೆ ಕುಳಿತವರ ಮುಖ ಹೇಗಿತ್ತೋ, ಲೆಕ್ಕದ ಪುಸ್ತಕ ಅದನ್ನು ಹೇಳುವುದಿಲ್ಲ. ಮುಂದೆ ಸಮುರಾಯ್ ವರ್ಗವೇ ಇಲ್ಲವಾದಾಗ ಈ ಮನೆಯ ಮಗನನ್ನು ಕಾಪಾಡಿದ್ದೂ ಇದೇ ವಿದ್ಯೆ. ಹೊಸ ಸರಕಾರದ ನೌಕಾಪಡೆಯಲ್ಲಿ ಆತನಿಗೆ ಲೆಕ್ಕಪತ್ರದ ಕೆಲಸ ಸಿಕ್ಕಿತು.

ಆದರೆ ಇನೊಯಾಮ ಮನೆಯಲ್ಲಿ ಲೆಕ್ಕ ಬರೆದವರು ಗಂಡಸರು. ಆ ಪುಸ್ತಕ ಹೆಂಗಸರ ಕೈಗೆ, ಅದೂ ಅಚ್ಚಾದ ರೂಪದಲ್ಲಿ ಬಂದ ಬಗೆಯನ್ನು ಹೇಳಬೇಕಾದರೆ ಒಬ್ಬ ಪತ್ರಕರ್ತೆಯ ಕತೆ ಹೇಳಬೇಕು. ಆಕೆಯ ಹೆಸರು ಹನಿ ಮೊತೊಕೊ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. 'ಹನಿ' ಎಂಬುದು ಅವರ ಗಂಡನ ಮನೆತನ. ಹನಿ ಹನಿ ಕೂಡಿದರೆ ಹಳ್ಳ ಎನ್ನುವ ನಮಗೆ ಉಳಿತಾಯದ ಪಾಠ ಹೇಳುವವರ ಹೆಸರೇ ಹೀಗಿರುವುದು ಒಂದು ಮೋಜಿನ ಕಾಕತಾಳೀಯ.

ಮೊತೊಕೊ 1873ರಲ್ಲಿ ಉತ್ತರ ಜಪಾನಿನ ಹಚಿನೊಹೆ ಎಂಬ ಊರಿನಲ್ಲಿ ಹುಟ್ಟಿದರು. ಓದಲು ಟೋಕಿಯೊಗೆ ಬಂದರು. ಮೊದಲ ಮದುವೆ ಬೇಗನೆ ಮುರಿಯಿತು. ಹೊಟ್ಟೆಪಾಡಿಗಾಗಿ ಯೊಶಿಯೊಕಾ ಯಯೊಯಿ ಎಂಬ ವೈದ್ಯೆಯ ಮನೆಯಲ್ಲಿ ಮನೆಗೆಲಸಕ್ಕಿದ್ದರು. ಅದೇ ವೈದ್ಯೆ ಮುಂದೆ ಮಹಿಳೆಯರಿಗಾಗಿ ವೈದ್ಯಕೀಯ ಶಾಲೆ ಸ್ಥಾಪಿಸಿ ಹೆಸರಾದರು. 1890ರ ದಶಕದ ಕೊನೆಯಲ್ಲಿ ಮೊತೊಕೊ 'ಹೋಚಿ ಶಿಂಬುನ್' ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿ, ಅಲ್ಲಿಂದ ವರದಿಗಾರಿಕೆಗೆ ಏರಿದರು. ಜಪಾನಿನ ಮೊದಲ ಪತ್ರಕರ್ತೆ ಎಂದು ಅವರನ್ನು ಗುರುತಿಸುತ್ತಾರೆ. ಸಹೋದ್ಯೋಗಿ ಹನಿ ಯೊಶಿಕಾಜು ಅವರನ್ನು 1901ರಲ್ಲಿ ಮದುವೆಯಾದ ಮೇಲೆ ಆ ಕೆಲಸ ಬಿಡಬೇಕಾಯಿತು. ಗಂಡಹೆಂಡಿರು ಸುಮ್ಮನೆ ಕೂರಲಿಲ್ಲ. 1903ರ ಏಪ್ರಿಲಿನಲ್ಲಿ 'ಕತೇ ನೊ ತೊಮೊ', ಅಂದರೆ 'ಮನೆಯ ಗೆಳೆಯ' ಎಂಬ ಮಾಸಿಕ ಆರಂಭಿಸಿದರು. ಪತ್ರಿಕೆ ಹೊರಬಂದದ್ದು 3ನೇ ತಾರೀಕು. ಹಿಂದಿನ ದಿನವಷ್ಟೇ ಮೊತೊಕೊ ಹೆಣ್ಣುಮಗುವನ್ನು ಹೆತ್ತಿದ್ದರು.

ಮರುವರ್ಷ, 1904ರಲ್ಲಿ, ಅವರ ಕಕೇಬೊ ಬಂತು. ವರ್ಷ ಯಾವುದೆಂದು ನೋಡಿ. ಅದೇ ಫೆಬ್ರವರಿಯಲ್ಲಿ ಜಪಾನ್ ರಷ್ಯಾದೊಡನೆ ಯುದ್ಧಕ್ಕೆ ಇಳಿದಿತ್ತು. ಯುದ್ಧದ ವೆಚ್ಚಕ್ಕಾಗಿ ತೆರಿಗೆಗಳು ಏರಿದ್ದವು. ತಂಬಾಕು ಸರಕಾರದ ಏಕಸ್ವಾಮ್ಯಕ್ಕೆ ಹೋಯಿತು, ಮುಂದಿನ ವರ್ಷ ಉಪ್ಪು ಕೂಡ. ಇತ್ತ ನಗರಗಳಲ್ಲಿ ಹೊಸದೊಂದು ವರ್ಗ ಬೆಳೆಯುತ್ತಿತ್ತು. ಗುಮಾಸ್ತ, ಶಿಕ್ಷಕ, ಬ್ಯಾಂಕ್ ನೌಕರ. ಹೊಲವಿಲ್ಲ, ಅಂಗಡಿಯಿಲ್ಲ, ತಿಂಗಳಿಗೊಮ್ಮೆ ಎಣಿಸಿ ಕೊಡುವ ಸಂಬಳವೇ ಗತಿ. ಹೊಲ ಇದ್ದವರು ಕಷ್ಟಕಾಲದಲ್ಲಿ ಗೆಣಸು ತಿಂದಾದರೂ ಬದುಕುತ್ತಾರೆ. ಸಂಬಳದವನಿಗೆ 20ನೇ ತಾರೀಕಿನ ನಂತರ ಏನಿದೆ?

ಮೊತೊಕೊ ಅವರ ಪುಸ್ತಕದ ವಿಶೇಷ ಖರ್ಚು ಬರೆಯುವುದರಲ್ಲಿ ಇರಲಿಲ್ಲ. ಆದ ಖರ್ಚನ್ನು ಬರೆಯುವುದೆಂದರೆ ಕಳುವಾದ ಮೇಲೆ ದೂರು ಕೊಟ್ಟಂತೆ. ಅವರು ಕೇಳಿದ್ದು ಮೊದಲೇ ಹಂಚಿಡಿ ಎಂದು. ವರ್ಷದ ಆರಂಭದಲ್ಲಿ ಬರುವ ಹಣವನ್ನು ಲೆಕ್ಕ ಹಾಕಿ ಊಟ, ಮನೆ, ಬಟ್ಟೆ, ಶಿಕ್ಷಣ, ಆರೋಗ್ಯ, ನೆಂಟಸ್ತಿಕೆ, ಮನರಂಜನೆ ಎಂದು ಬಾಬ್ತುವಾರು ವಿಂಗಡಿಸಬೇಕು. ಊಟದ ಬಾಬ್ತಿನೊಳಗೆ ಮತ್ತೆ ಅನ್ನದ್ದು ಬೇರೆ, ಪಲ್ಯಪದಾರ್ಥದ್ದು ಬೇರೆ, ಸಾಂಬಾರ ಸಾಮಗ್ರಿಯದ್ದು ಬೇರೆ. ಪ್ರತಿದಿನ ಬರೆದು, ಗೊತ್ತುಮಾಡಿದ ಮೊತ್ತದಲ್ಲಿ ಎಷ್ಟು ಉಳಿದಿದೆ ಎಂದು ನೋಡುತ್ತ ಹೋಗಬೇಕು. ಹೀಗೆ ಮಾಡಿದಾಗ ತಿಂಗಳ ನಡುವೆಯೇ ಎಲ್ಲಿ ಬಿಗಿ ಹಿಡಿಯಬೇಕೆಂದು ತಿಳಿಯುತ್ತದೆ. ಸರಕಾರಗಳು ಮಾಡುತ್ತಿದ್ದುದನ್ನೇ ಅಡುಗೆಮನೆಗೆ ತಂದದ್ದು ಇಲ್ಲಿಯ ಹೊಸತನ. ಖರ್ಚಿನ ಬಾಬ್ತುಗಳಲ್ಲಿ ಒಂದನ್ನು ನಾವು ವಿಶೇಷವಾಗಿ ಹೆಸರಿಸಬೇಕು. ಅದು ಸಾರ್ವಜನಿಕ ಖರ್ಚು, ಎಂದರೆ ಮನೆಯ ಹೊರಗಿನವರ ಒಳಿತಿಗಾಗಿ ಕೊಡುವ ಹಣ. ಮೊತೊಕೊ ಕ್ರೈಸ್ತ ಧರ್ಮವನ್ನು ಸ್ವೀಕರಿಸಿದವರು. ಉಳಿದರೆ ಕೊಡೋಣ ಎನ್ನುವುದು ಎಲ್ಲ ಕಡೆಯ ಮಾತು, ಉಳಿಯುವುದಂತೂ ಅಪರೂಪ. ಅವರ ಪುಸ್ತಕದಲ್ಲಿ ಕೊಡುವುದಕ್ಕೂ ಅನ್ನದಂತೆಯೇ ಒಂದು ಕಾಲಂ ಇದೆ.

1908ರಲ್ಲಿ ಅವರ ಪತ್ರಿಕೆ 'ಫುಜಿನ್ ನೊ ತೊಮೊ' (ಮಹಿಳೆಯರ ಗೆಳೆಯ) ಎಂಬ ಹೆಸರಿನಲ್ಲಿ ನೆಲೆನಿಂತಿತು. 1921ರಲ್ಲಿ ದಂಪತಿ ಹೆಣ್ಣುಮಕ್ಕಳಿಗಾಗಿ 'ಜಿಯೂ ಗಕುಯೆನ್' ಶಾಲೆ ತೆರೆದರು. ಅದರ ಕಟ್ಟಡದ ವಿನ್ಯಾಸ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರದು. ಅಲ್ಲಿ ಮಧ್ಯಾಹ್ನದ ಊಟವನ್ನು ವಿದ್ಯಾರ್ಥಿನಿಯರೇ ಸರದಿಯಂತೆ ಮಾಡುತ್ತಿದ್ದರು. 1930ರಲ್ಲಿ ಓದುಗ ಮಹಿಳೆಯರ ಬಳಗಗಳು ಸೇರಿ ದೇಶವ್ಯಾಪಿ ಸಂಘವೊಂದು ರೂಪುಗೊಂಡಿತು. ಸದಸ್ಯೆಯರು ಹಣದ ಲೆಕ್ಕದ ಜೊತೆಗೆ ದಿನದ 24 ಗಂಟೆಗಳ ಲೆಕ್ಕವನ್ನೂ ಬರೆದರು. ಎದ್ದದ್ದು ಎಷ್ಟಕ್ಕೆ, ಒಲೆಯ ಮುಂದೆ ಎಷ್ಟು ಹೊತ್ತು, ಓದಿಗೆ ಎಷ್ಟು ಎಂದು ಪಟ್ಟಿ ಮಾಡಿದರು. ಮನೆಗೆಲಸಕ್ಕೆ ಹೊತ್ತುಗೊತ್ತಿಲ್ಲ ಎಂಬ ಮಾತು ಎಷ್ಟು ನಿಜ ಎಂಬುದು ಕಾಗದದ ಮೇಲೆ ಬಂದಾಗ ಬಹುಶಃ ಅವರೇ ಬೆರಗಾಗಿರಬೇಕು.

ಇಲ್ಲೊಂದು ವಿಪರ್ಯಾಸವನ್ನು ಮರೆಯುವಂತಿಲ್ಲ. ಇಷ್ಟು ಅಚ್ಚುಕಟ್ಟಾಗಿ ಹಣ ನಿರ್ವಹಿಸುತ್ತಿದ್ದ ಹೆಂಡತಿ ಕಾನೂನಿನ ಕಣ್ಣಿಗೆ ಹಣಕಾಸಿನ ವ್ಯವಹಾರಕ್ಕೆ ಅಸಮರ್ಥಳಾಗಿದ್ದಳು. 1898ರಲ್ಲಿ ಜಾರಿಗೆ ಬಂದ ಕುಟುಂಬ ಕಾನೂನಿನಂತೆ ಗಂಡನ ಒಪ್ಪಿಗೆಯಿಲ್ಲದೆ ಆಕೆ ಸಾಲ ಪಡೆಯುವಂತಿರಲಿಲ್ಲ. ಆಕೆಯ ಸ್ವಂತ ಆಸ್ತಿಯ ನಿರ್ವಹಣೆಯೂ ಗಂಡನದೇ. ಮತದಾನದ ಹಕ್ಕಂತೂ ಇರಲೇ ಇಲ್ಲ. ತಿಂಗಳ ಸಂಬಳವನ್ನು ಲೆಕ್ಕವಿಟ್ಟು ಹಂಚುವ ಹೊಣೆ ಅವಳದು, ಸಹಿ ಮಾತ್ರ ಅವನದು.

ಇನ್ನೊಂದು ಮಾತು. ಕಕೇಬೊ ಬರೆಯಲು ಕೈಯಲ್ಲಿ ಒಂದಿಷ್ಟು ನಿಶ್ಚಿತ ಆದಾಯ ಇರಬೇಕು. ಅದಿಲ್ಲದವರು ಏನು ಮಾಡಬೇಕು? 1918ರ ಜುಲೈಯಲ್ಲಿ ತೊಯಾಮಾ ಪ್ರಾಂತದ ಉಓಜು ಎಂಬ ಕರಾವಳಿ ಊರಿನ ಮೀನುಗಾರರ ಹೆಂಡಂದಿರು ಇದಕ್ಕೆ ತಮ್ಮದೇ ಉತ್ತರ ಕೊಟ್ಟರು. ಅಕ್ಕಿಯ ಬೆಲೆ ಕೈಗೆಟುಕದಷ್ಟು ಏರಿತ್ತು. ಸೈಬೀರಿಯಕ್ಕೆ ಸೈನ್ಯ ಹೋಗಲಿದೆ ಎಂಬ ಸುದ್ದಿಯಿಂದ ವ್ಯಾಪಾರಿಗಳು ದಾಸ್ತಾನು ಕೂಡಿಹಾಕುತ್ತಿದ್ದರು. ತಮ್ಮ ಮಕ್ಕಳು ಹಸಿದಿರುವಾಗ ತಮ್ಮೂರಿನಿಂದಲೇ ಅಕ್ಕಿ ಹಡಗಿಗೆ ಏರುವುದನ್ನು ಆ ಹೆಂಗಸರು ನೋಡಿದರು. ದಂಡೆಯಲ್ಲಿ ಒಟ್ಟಾಗಿ ನಿಂತು ಅಡ್ಡಿಪಡಿಸಿದರು. ಆ ಕಿಡಿ ದೇಶದ ದೊಡ್ಡ ನಗರಗಳಿಗೆಲ್ಲ ಹಬ್ಬಿತು. ಸೈನ್ಯವನ್ನು ಕರೆಸಬೇಕಾಯಿತು. ಸೆಪ್ಟೆಂಬರಿನಲ್ಲಿ ತೆರಾಉಚಿ ಅವರ ಸರಕಾರ ಬಿತ್ತು. ಮಿತವ್ಯಯದ ಉಪದೇಶ ಮಾಡುವವರು ಉಓಜುವಿನ ದಂಡೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಅಳೆದು ಹಾಕಲು ಅಕ್ಕಿಯೇ ಇಲ್ಲದ ಮನೆಯಲ್ಲಿ ಅಳತೆಯ ಪಾಠ ನಡೆಯುವುದಿಲ್ಲ.

ಆ ಬೆಚ್ಚು ಸರಕಾರಕ್ಕೂ ತಾಗಿರಬೇಕು. 1920ರಲ್ಲಿ ಅಧಿಕಾರಿಗಳ ಬೆಂಬಲದಿಂದ 'ಜೀವನ ಸುಧಾರಣಾ ಒಕ್ಕೂಟ' ಹುಟ್ಟಿತು. ಅದೇ ವರ್ಷ ಜೂನ್ 10ನ್ನು 'ಸಮಯದ ದಿನ' ಎಂದು ಆಚರಿಸಿ, ಜನರಿಗೆ ಹೊತ್ತಿನ ಬೆಲೆ ಕಲಿಸಲು ಹೊರಟರು. ಬಳಿಕ ದುಡಿಮೆ ಮತ್ತು ಮಿತವ್ಯಯದ ಸರಕಾರಿ ಪ್ರಚಾರಗಳು ಒಂದರ ಹಿಂದೊಂದು ಬಂದವು. ಮನೆಯ ಲೆಕ್ಕ ನಿಧಾನವಾಗಿ ದೇಶದ ಲೆಕ್ಕವಾಗತೊಡಗಿತು. 1937ರಲ್ಲಿ ಚೀನಾದ ಮೇಲೆ ಪೂರ್ಣಪ್ರಮಾಣದ ಯುದ್ಧ ಆರಂಭವಾಯಿತು. 1938ರಲ್ಲಿ ಹಣಕಾಸು ಇಲಾಖೆ ರಾಷ್ಟ್ರೀಯ ಉಳಿತಾಯಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. 1940ರಲ್ಲಿ ಟೋಕಿಯೊ ಬೀದಿಗಳಲ್ಲಿ ಐಷಾರಾಮವೇ ಶತ್ರು ಎಂದು ಸಾರುವ ಫಲಕಗಳು ಎದ್ದವು. ಕೇರಿ, ಕಾರ್ಖಾನೆ, ಶಾಲೆಗಳಲ್ಲೆಲ್ಲ ಉಳಿತಾಯ ಸಂಘಗಳಾದವು. ನೆರೆಹೊರೆಯವರ ಕಣ್ಣೆದುರು ಉಳಿಸದಿರುವುದು ಸುಲಭವಾಗಿರಲಿಲ್ಲ. ಹೀಗೆ ಕೂಡಿದ ಹಣ ಸರಕಾರದ ಸಾಲಪತ್ರಗಳ ಮೂಲಕ ಯುದ್ಧಕ್ಕೆ ಹೋಯಿತು. ಮೊತೊಕೊ ಮತ್ತು ಅವರ ಬಳಗವೂ ಈ ಉಳಿತಾಯ ಪ್ರಚಾರದಲ್ಲಿ ಕೈಜೋಡಿಸಿತು. ಅವರ ಬಗ್ಗೆ ಗೌರವವಿರುವ ನಮಗೆ ಇದನ್ನು ಬರೆಯಲು ಹಿತವೆನಿಸುವುದಿಲ್ಲ. ಆದರೆ ಮುಚ್ಚಿಟ್ಟರೆ ಅದು ಇತಿಹಾಸವಾಗದು. ಮಗಳ ಮದುವೆಗೆಂದು ತಾಯಿ ಅನ್ನದ ಬಾಬ್ತಿನಲ್ಲಿ ಮಿಗಿಸಿದ ಯೆನ್, ಇನ್ನೊಂದು ದೇಶದ ತಾಯಿಯ ಮನೆಯ ಮೇಲೆ ಬಾಂಬಾಗಿ ಬಿತ್ತು.

ಆ ಉಳಿತಾಯಕ್ಕೆ ಕೊನೆಗೆ ಏನಾಯಿತು? 1945ರಲ್ಲಿ ಜಪಾನ್ ಸೋತಿತು. ಬೆಲೆಗಳು ಹುಚ್ಚೆದ್ದವು. 1946ರ ಫೆಬ್ರವರಿಯಲ್ಲಿ ಸರಕಾರ ಬ್ಯಾಂಕ್ ಠೇವಣಿಗಳನ್ನು ಸ್ತಂಭನಗೊಳಿಸಿ ಹೊಸ ನೋಟು ತಂದಿತು. ಸ್ವಂತ ಖಾತೆಯಿಂದ ತಿಂಗಳಿಗೆ ಮನೆಯ ಯಜಮಾನನಿಗೆ 300 ಯೆನ್, ಉಳಿದವರಿಗೆ ತಲಾ 100 ಯೆನ್ ಮಾತ್ರ ತೆಗೆಯಲು ಅನುಮತಿ. ಹಣ ಒಳಗೆ ಬಂದಿಯಾಗಿರುವಾಗಲೇ ಹೊರಗೆ ಅದರ ಬೆಲೆ ಕರಗುತ್ತಿತ್ತು. 1930ರ ದಶಕದ ಮಧ್ಯಭಾಗಕ್ಕೆ ಹೋಲಿಸಿದರೆ 1949ರ ಹೊತ್ತಿಗೆ ಸಗಟು ಬೆಲೆ ಸುಮಾರು 200 ಪಟ್ಟಾಗಿತ್ತು. ಹತ್ತು ವರ್ಷ ಒಂದು ದಿನವೂ ತಪ್ಪದೆ ಲೆಕ್ಕ ಬರೆದು, ಬಾಯಿ ಕಟ್ಟಿ ಉಳಿಸಿದವಳ ಪುಸ್ತಕದಲ್ಲಿ ಕೂಡುವುದು ಕಳೆಯುವುದು ಎಲ್ಲವೂ ಸರಿಯಾಗಿತ್ತು. ಹಣ ಮಾತ್ರ ಇರಲಿಲ್ಲ.

ಅದೇ 1946ರ ಏಪ್ರಿಲ್ 10ರಂದು ಜಪಾನಿನ ಮಹಿಳೆಯರು ಮೊದಲ ಬಾರಿಗೆ ಸಾರ್ವತ್ರಿಕ ಚುನಾವಣೆಯಲ್ಲಿ ಮತ ಹಾಕಿದರು. 39 ಮಹಿಳೆಯರು ಗೆದ್ದರು. ಮರುವರ್ಷ ಕುಟುಂಬ ಕಾನೂನು ಬದಲಾಗಿ ಹೆಂಡತಿಯ 'ಅಸಮರ್ಥತೆ' ಇಲ್ಲವಾಯಿತು. 1948ರಲ್ಲಿ ಒಕು ಮುಮೆಒ ಅವರ ನೇತೃತ್ವದಲ್ಲಿ ಗೃಹಿಣಿಯರು ಸಭೆ ಸೇರಿದರು. ವಿಷಯ ಬೆಂಕಿಪೊಟ್ಟಣ! ಪಡಿತರದಲ್ಲಿ ಬರುತ್ತಿದ್ದ ಕಡ್ಡಿಗಳು ಗೀರಿದರೆ ಹತ್ತುತ್ತಿರಲಿಲ್ಲ. ಹತ್ತದ ಕಡ್ಡಿಗಳನ್ನು ಬದಲಾಯಿಸಿ ಕೊಡಬೇಕೆಂದು ಹಟ ಹಿಡಿದರು. ಆ ಸಭೆಯಿಂದ ಗೃಹಿಣಿಯರ ಒಕ್ಕೂಟ ಹುಟ್ಟಿತು. ಮೆರವಣಿಗೆಗಳಲ್ಲಿ ಅವರು ಹಿಡಿದ ಫಲಕ ಅನ್ನ ಬಡಿಸುವ ಸಟ್ಟುಗದ ಆಕಾರದಲ್ಲಿತ್ತು. ಉಓಜುವಿನ ಹೆಂಗಸರ ಸಿಟ್ಟು, ಕಕೇಬೊ ಕಲಿಸಿದ ಪೈಸೆಪೈಸೆಯ ಎಚ್ಚರ ಎರಡೂ ಆ ಸಟ್ಟುಗದಲ್ಲಿ ಸೇರಿದ್ದವೆಂದು ನಮಗೆ ತೋರುತ್ತದೆ.

ಸರಕಾರವೂ ತನ್ನ ಚಾಳಿ ಬಿಡಲಿಲ್ಲವೆನ್ನಿ. 1952ರಲ್ಲಿ ಉಳಿತಾಯ ಹೆಚ್ಚಿಸಲು ಕೇಂದ್ರ ಸಮಿತಿಯೊಂದು ರಚನೆಯಾಯಿತು. ಅದೂ ಮನೆಗಳಿಗೆ ಲೆಕ್ಕದ ಪುಸ್ತಕ ಹಂಚಿತು. ಈ ಸಲ ಹಣ ಹೋದದ್ದು ಕಾರ್ಖಾನೆ, ರೈಲು, ವಿದ್ಯುತ್ತಿಗೆ. ಮೊತೊಕೊ 1957ರಲ್ಲಿ ತೀರಿಕೊಂಡರು. ಅವರ ಪುಸ್ತಕಕ್ಕೆ 2004ರಲ್ಲಿ ನೂರು ತುಂಬಿದಾಗಲೂ ಅದು ಅಚ್ಚಾಗಿ ಮಾರಾಟವಾಗುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ಮಣಿಚೌಕಟ್ಟು ಮೂಲೆ ಸೇರಿತಾದರೂ, ಬಳಗದ ಹೆಂಗಸರು ವರ್ಷದ ಲೆಕ್ಕ ಹಿಡಿದು ಒಂದೆಡೆ ಕುಳಿತು, ನಿಮ್ಮಲ್ಲಿ ತರಕಾರಿಗೆಷ್ಟು, ನಮ್ಮಲ್ಲಿ ಔಷಧಿಗೆಷ್ಟು ಎಂದು ಒಬ್ಬರಿಗೊಬ್ಬರು ಬಿಚ್ಚಿ ಹೇಳಿಕೊಳ್ಳುವ ರೂಢಿಯನ್ನು ಉಳಿಸಿಕೊಂಡರು.